ಕೂಸಿನ ಆಪರೇಷನ್ ಎಲ್ಲಿ ಆಗಬೇಕು? ಭಟ್ಕಳ–ಹೊನ್ನಾವರ–ಕುಮಟಾದಿಂದ ಒಂದು ಸಮೀಕ್ಷೆ

ಭಟ್ಕಳ, ಹೊನ್ನಾವರ, ಕುಮಟಾ ಮೂರೂ ತಾಲ್ಲೂಕು ಸೇರಿ 2011ರ ಜನಗಣತಿಯಲ್ಲಿ ಐದು ಲಕ್ಷಕ್ಕೆ ತುಸು ಕಡಿಮೆ ಜನ. ಸಾವಿರಕ್ಕೆ 15ರಂತೆ ಲೆಕ್ಕ ಹಿಡಿದರೆ ಇಲ್ಲಿ ವರ್ಷಕ್ಕೆ 7 ಸಾವಿರದಷ್ಟು ಕೂಸುಗಳು ಹುಟ್ಟುತ್ತವೆ. ಅನ್ನನಾಳ ನಡುವೆಯೇ ಮುಚ್ಚಿಕೊಂಡು ಹುಟ್ಟುವ ಕೂಸು ಸುಮಾರು 3,500ಕ್ಕೆ ಒಂದು. ಮಲದ್ವಾರ ತೆರೆಯದೆ ಹುಟ್ಟುವುದು 5,000ಕ್ಕೆ ಒಂದು. ದೊಡ್ಡ ಕರುಳಿನ ಕೊನೆಯಲ್ಲಿ ನರಕೋಶಗಳೇ ಇಲ್ಲದಿರುವ ಹರ್ಷ್‌ಸ್ಪ್ರಂಗ್ ಕಾಯಿಲೆಯೂ ಹೆಚ್ಚುಕಡಿಮೆ ಅಷ್ಟೇ. ಹೀಗೆ ಗುಣಿಸಿದರೆ ಮೂರು ತಾಲ್ಲೂಕಿಗೆ ವರ್ಷಕ್ಕೆ ಮೊದಲನೆಯದು ಎರಡು, ಉಳಿದವು ಒಂದೊಂದೋ ಎರಡೆರಡೋ. ಹರ್ನಿಯಾದ ಲೆಕ್ಕವೇ ಬೇರೆ. ನೂರು ಮಕ್ಕಳಲ್ಲಿ ಒಂದರಿಂದ ನಾಲ್ಕಕ್ಕೆ ತೊಡೆಸಂದಿಯ ಹರ್ನಿಯಾ ಕಾಣಿಸುವುದರಿಂದ ವರ್ಷವೊಂದರಲ್ಲಿ ಹುಟ್ಟಿದವರಲ್ಲೇ 70ರಿಂದ 280 ಮಕ್ಕಳಿಗೆ ಎಂದಾದರೊಂದು ದಿನ ಆ ಆಪರೇಷನ್ ಬೇಕಾಗುತ್ತದೆ. ಒಂದು ವರ್ಷ ತುಂಬಿದರೂ ವೃಷಣ ಕೆಳಗಿಳಿಯದ ಗಂಡುಮಕ್ಕಳು ಮೂವತ್ತೈದರ ಆಸುಪಾಸು.

ಇದು ಜಗತ್ತಿನ ಸರಾಸರಿಯನ್ನು ನಮ್ಮ ಜನಸಂಖ್ಯೆಯ ಮೇಲಿಟ್ಟು ತೆಗೆದ ಅಂದಾಜು, ಎಣಿಕೆಯಲ್ಲ. ಆದರೂ ಚರ್ಚೆಯ ಬುಡ ಇದರಲ್ಲಿದೆ. ಮಕ್ಕಳ ಶಸ್ತ್ರಚಿಕಿತ್ಸೆಯಲ್ಲಿ ಎರಡು ಲೋಕಗಳಿವೆ. ಒಂದು ಅಪರೂಪದ್ದು, ಗಂಟೆಗಳಲ್ಲಿ ನಿರ್ಧಾರವಾಗುವಂಥದ್ದು. ಇನ್ನೊಂದು ದಿನನಿತ್ಯದ್ದು, ತಿಂಗಳುಗಟ್ಟಲೆ ಮುಂದೂಡಬಹುದಾದದ್ದು. ಕರಾವಳಿಯಲ್ಲಿ ಆಸ್ಪತ್ರೆಯ ಮಾತು ಬಂದಾಗಲೆಲ್ಲ ಇವೆರಡೂ ಒಂದೇ ಚೀಲಕ್ಕೆ ಬೀಳುತ್ತವೆ. ಸಂಶೋಧನೆಯ ಲೋಕದಲ್ಲೂ ಎಲ್ಲಿ ಮಾಡಬೇಕು, ಯಾರು ಮಾಡಬೇಕು, ಯಾವಾಗ ಮಾಡಬೇಕು ಎಂಬ ಮೂರು ಪ್ರಶ್ನೆಗಳಿಗೆ ಬೇರೆ ಬೇರೆ ಪಂಥಗಳಿವೆ. ಒಬ್ಬರ ಉತ್ತರ ಇನ್ನೊಬ್ಬರ ಪ್ರಶ್ನೆಗೆ ಒದಗುವುದಿಲ್ಲ.

ಹಿನ್ನೆಲೆ: ಬಾಸ್ಟನ್‌ನಿಂದ ಮಣಿಪಾಲದವರೆಗೆ

ಮಕ್ಕಳ ಸರ್ಜರಿ ಪ್ರತ್ಯೇಕ ವಿದ್ಯೆಯಾಗಿ ನೂರು ವರ್ಷ ತುಂಬಿಲ್ಲ. ಹರಾಲ್ಡ್ ಹರ್ಷ್‌ಸ್ಪ್ರಂಗ್ ಎಂಬ ಡೆನ್ಮಾರ್ಕಿನ ಮಕ್ಕಳ ವೈದ್ಯ ತನ್ನ ಹೆಸರಿನ ಕಾಯಿಲೆಯನ್ನು ಬರ್ಲಿನ್ ಸಭೆಯಲ್ಲಿ ವಿವರಿಸಿದ್ದು 1886ರಲ್ಲಿ. ಅದಕ್ಕೆ ಸರಿಯಾದ ಆಪರೇಷನ್ನನ್ನು ಓರ್ವರ್ ಸ್ವೆನ್ಸನ್ ತೋರಿಸಿಕೊಟ್ಟದ್ದು 1948ರಲ್ಲಿ. ನಡುವಿನ ಅರವತ್ತೆರಡು ವರ್ಷ ಆ ಮಕ್ಕಳಲ್ಲಿ ಹಲವರು ಹೊಟ್ಟೆ ಉಬ್ಬಿಯೇ ಸತ್ತರು. 1941ರಲ್ಲಿ ಅಮೆರಿಕದ ಆನ್ ಆರ್ಬರ್‌ನಲ್ಲಿ ಕ್ಯಾಮರಾನ್ ಹೇಟ್ ಮುಚ್ಚಿದ ಅನ್ನನಾಳವನ್ನು ಒಂದೇ ಹಂತದಲ್ಲಿ ಜೋಡಿಸಿ ಮಗುವನ್ನು ಉಳಿಸಿಕೊಂಡರು. ಅದೇ ವರ್ಷ ಬಾಸ್ಟನ್ನಿನ ವಿಲಿಯಂ ಲ್ಯಾಡ್ ಮತ್ತು ರಾಬರ್ಟ್ ಗ್ರಾಸ್ ಈ ವಿದ್ಯೆಯ ಮೊದಲ ದೊಡ್ಡ ಪಠ್ಯವನ್ನು ತಂದರು. ಜಪಾನಿನ ಮೊರಿಯೊ ಕಸಾಯಿ 1959ರಲ್ಲಿ ಪಿತ್ತನಾಳವಿಲ್ಲದ ಕೂಸಿಗೆ ಕರುಳನ್ನೇ ಯಕೃತ್ತಿನ ಬಾಗಿಲಿಗೆ ಹೊಲಿಯುವ ವಿಧಾನ ಪ್ರಕಟಿಸಿದರು. 1982ರಲ್ಲಿ ಆಲ್ಬರ್ಟೊ ಪೆನ್ಯಾ ಮಲದ್ವಾರದ ದೋಷಕ್ಕೆ ಹಿಂಬದಿಯಿಂದ ನಡುಗೆರೆ ಹಿಡಿದು ಬಿಡಿಸುವ ದಾರಿ ತೋರಿಸಿದರು. ಭಾರತೀಯ ಮಕ್ಕಳ ಶಸ್ತ್ರಚಿಕಿತ್ಸಕರ ಸಂಘ ಹುಟ್ಟಿದ್ದು 1965ರಲ್ಲಿ.

ನಮ್ಮ ಕಡೆಯ ಚರಿತ್ರೆ ರಸ್ತೆಯ ಚರಿತ್ರೆ. ಉತ್ತರ ಕನ್ನಡ 1956ರವರೆಗೆ ಮುಂಬೈ ಪ್ರಾಂತ್ಯದಲ್ಲಿತ್ತು. ಕಚೇರಿ ಕೆಲಸಕ್ಕೆ ಮುಖ ಬೆಳಗಾವಿ, ಮುಂಬೈ ಕಡೆಗಿತ್ತು. 1953ರಲ್ಲಿ ಟಿ.ಎಂ.ಎ. ಪೈ ಮಣಿಪಾಲದಲ್ಲಿ ಕಸ್ತೂರಬಾ ವೈದ್ಯಕೀಯ ಕಾಲೇಜು ಕಟ್ಟಿದರು, 1957ರಲ್ಲಿ ಹುಬ್ಬಳ್ಳಿಯಲ್ಲಿ ಸರಕಾರಿ ವೈದ್ಯಕೀಯ ಕಾಲೇಜು ಬಂತು. ಹೊಳೆಗಳಿಗೆ ಸೇತುವೆಗಳಾದಂತೆ ಕಾಯಿಲೆಯ ದಿಕ್ಕು ದಕ್ಷಿಣಕ್ಕೆ ತಿರುಗಿತು. ಈಗ ಈ ಮೂರು ತಾಲ್ಲೂಕಿನಲ್ಲಿ ‘ಮಣಿಪಾಲಕ್ಕೆ ಬರೆದುಕೊಟ್ಟರು’ ಎಂದರೆ ಕಾಯಿಲೆಯ ಹೆಸರು ಹೇಳಬೇಕಾಗಿಲ್ಲ, ಕೇಳಿದವರಿಗೆ ತೂಕ ಗೊತ್ತಾಗುತ್ತದೆ. ಕಾರವಾರದಲ್ಲಿ ಸರಕಾರಿ ವೈದ್ಯಕೀಯ ವಿಜ್ಞಾನ ಸಂಸ್ಥೆ 2016ರಲ್ಲಿ ಶುರುವಾಯಿತು. ಆದರೂ ಆ ಮಾತು ಬದಲಾಗಿಲ್ಲ.

ಕುಮಟಾದಲ್ಲಿ ನಿಂತು ನೋಡಿದರೆ ಭೂಗೋಳ ವಿಚಿತ್ರ. ಮಣಿಪಾಲಕ್ಕೆ, ಹುಬ್ಬಳ್ಳಿಗೆ, ಗೋವಾದ ಬಾಂಬೋಲಿಮ್‌ಗೆ, ಮೂರು ದಿಕ್ಕಿಗೂ ನೂರೈವತ್ತು ಕಿಲೋಮೀಟರ್ ಆಸುಪಾಸು. ಎಲ್ಲ ದೊಡ್ಡ ಆಸ್ಪತ್ರೆಗಳಿಂದಲೂ ಸಮದೂರ ಎಂದರೆ ಯಾವುದಕ್ಕೂ ಹತ್ತಿರವಲ್ಲ ಎಂದೇ ಅರ್ಥ. 2018ರ ಜನವರಿಯಿಂದ ಗೋವಾ ವೈದ್ಯಕೀಯ ಕಾಲೇಜು ಹೊರರಾಜ್ಯದವರಿಂದ ಶುಲ್ಕ ಪಡೆಯಲು ಶುರುಮಾಡಿದ ಮೇಲೆ ಆ ಮೂರರಲ್ಲಿ ಒಂದು ಬಾಗಿಲು ಕಿರಿದಾಯಿತು.

‘ದೊಡ್ಡ ಕಡೆಗೇ ಕಳಿಸಿ’ ಎನ್ನುವವರು

ಮೊದಲ ಪಂಥದ ವಾದ ಸರಳ: ಅಪರೂಪದ ಆಪರೇಷನ್ ಪದೇಪದೇ ಮಾಡುವ ಕೈಯಲ್ಲೇ ಆಗಬೇಕು. ವರ್ಷಕ್ಕೆ ಎರಡು ಅನ್ನನಾಳ ಜೋಡಿಸುವ ಸರ್ಜನ್ ಎಷ್ಟೇ ಜಾಣನಾದರೂ ಅವನ ಜೊತೆಗಿನ ಅರಿವಳಿಕೆ ವೈದ್ಯರು, ರಾತ್ರಿ ಪಾಳಿಯ ನರ್ಸು, ವೆಂಟಿಲೇಟರ್ ನೋಡುವವರು ಪಳಗುವುದಿಲ್ಲ.

ಇವರ ಕೈಯಲ್ಲಿರುವ ಬಲವಾದ ಉದಾಹರಣೆ ಇಂಗ್ಲೆಂಡಿನದು. ಪಿತ್ತನಾಳವಿಲ್ಲದ ಕೂಸುಗಳ ಆಪರೇಷನ್ ಅಲ್ಲಿ ಹತ್ತಾರು ಆಸ್ಪತ್ರೆಗಳಲ್ಲಿ ಚದುರಿಹೋಗಿತ್ತು. 1999ರಲ್ಲಿ ಅದನ್ನು ಲಂಡನ್, ಬರ್ಮಿಂಗ್‌ಹ್ಯಾಮ್, ಲೀಡ್ಸ್ ಮೂರು ಕಡೆಗೆ ಮಾತ್ರ ಸೀಮಿತಗೊಳಿಸಿದರು. ಫಲಿತಾಂಶ ಸುಧಾರಿಸಿತು. ಆದರೆ ಇದೇ ನಂಟು ಎಲ್ಲ ಕಾಯಿಲೆಗೂ ಇಷ್ಟು ಸ್ಪಷ್ಟವಾಗಿ ಕಂಡಿಲ್ಲ. ಅನ್ನನಾಳದ ವಿಷಯದಲ್ಲೇ ಅಧ್ಯಯನಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ಇನ್ನೊಂದು ಸಂಗತಿಯನ್ನೂ ಮರೆಯಬಾರದು. ಇಂಗ್ಲೆಂಡಿನಲ್ಲಿ ಮೂರು ಕೇಂದ್ರ ಮಾಡಿದಾಗ ಕೂಸನ್ನು ಅಲ್ಲಿಗೆ ಮುಟ್ಟಿಸುವ ವ್ಯವಸ್ಥೆ ಮೊದಲೇ ಇತ್ತು.

2021ರಲ್ಲಿ ‘ಲ್ಯಾನ್ಸೆಟ್’ ಪ್ರಕಟಿಸಿದ ದೊಡ್ಡ ಅಧ್ಯಯನವನ್ನೂ ಈ ಪಂಥದವರು ಮುಂದಿಡುತ್ತಾರೆ. 74 ದೇಶಗಳ 264 ಆಸ್ಪತ್ರೆಗಳಲ್ಲಿ ಹುಟ್ಟುದೋಷವಿದ್ದ 3,849 ಕೂಸುಗಳನ್ನು ಹಿಂಬಾಲಿಸಿದ್ದು ಅದು. ಅನ್ನನಾಳ, ಕರುಳು, ವಪೆ, ಹೊಟ್ಟೆಯ ಗೋಡೆ, ಮಲದ್ವಾರ ಹೀಗೆ ಏಳು ಬಗೆಯ ದೋಷಗಳು. ಶ್ರೀಮಂತ ದೇಶಗಳಲ್ಲಿ ಸಾವು ನೂರಕ್ಕೆ 5.6, ಮಧ್ಯಮ ಆದಾಯದ ದೇಶಗಳಲ್ಲಿ 20.4, ಬಡ ದೇಶಗಳಲ್ಲಿ 39.8. ನಾವು ನಡುವಿನ ಸಾಲಿನವರು. ಆದರೆ ಆ ವರದಿಯಲ್ಲಿ ಸಾವಿನ ಜೊತೆ ತಳಕು ಹಾಕಿಕೊಂಡ ಅಂಶಗಳನ್ನು ಓದಿದರೆ ಸರ್ಜನ್ನಿನ ಕೈಚಳಕ ಅಲ್ಲಿ ಮುಂಚೂಣಿಯಲ್ಲಿ ಇಲ್ಲ. ಬರುವಾಗಲೇ ನಂಜೇರಿರುವುದು, ಬೇಕಾದಾಗ ವೆಂಟಿಲೇಟರ್ ಇಲ್ಲದಿರುವುದು, ರಕ್ತನಾಳದ ಮೂಲಕ ಪೋಷಣೆ ಕೊಡಲಾಗದಿರುವುದು, ಆಪರೇಷನ್‌ಗೆ ಮುಂಚಿನ ಸುರಕ್ಷತಾ ಪಟ್ಟಿಯನ್ನು ಬಳಸದಿರುವುದು: ಇವು ಅಲ್ಲಿ ಎದ್ದು ಕಾಣುತ್ತವೆ. ಮೊದಲನೆಯದು ದಾರಿಯ ವಿಷಯ. ಉಳಿದವು ವಾರ್ಡಿನ ವಿಷಯ.

ನನ್ನ ಮಟ್ಟಿಗೆ ಕೇಂದ್ರೀಕರಣದ ವಾದ ಹುಟ್ಟುದೋಷದ ಕೂಸುಗಳ ವಿಷಯದಲ್ಲಿ ಸರಿ. ವರ್ಷಕ್ಕೆ ಎರಡು ಎಂಬ ಲೆಕ್ಕ ಎದುರಿಗಿದ್ದೂ ಪ್ರತಿ ತಾಲ್ಲೂಕಿಗೂ ನವಜಾತ ಶಿಶುವಿನ ಸರ್ಜನ್ ಬೇಕೆನ್ನುವುದು ಚುನಾವಣೆಯ ಭಾಷಣಕ್ಕೆ ಚೆಂದ.

‘ಇಲ್ಲೇ ಆಗುವುದನ್ನು ಇಲ್ಲೇ ಮಾಡಿ’ ಎನ್ನುವವರು

ಎರಡನೆಯ ಪಂಥ ಇದೇ ಲೆಕ್ಕದ ಇನ್ನೊಂದು ಸಾಲನ್ನು ಓದುತ್ತದೆ. 2015ರ ಲ್ಯಾನ್ಸೆಟ್ ಜಾಗತಿಕ ಶಸ್ತ್ರಚಿಕಿತ್ಸಾ ಆಯೋಗ ಸಿಸೇರಿಯನ್, ಹೊಟ್ಟೆ ತೆರೆದು ಮಾಡುವ ಆಪರೇಷನ್, ತೆರೆದ ಮೂಳೆಮುರಿತದ ಚಿಕಿತ್ಸೆ ಎರಡು ಗಂಟೆಯೊಳಗೆ ಸಿಗಬೇಕೆಂದು ಗೆರೆ ಎಳೆಯಿತು. ಆಮೇಲೆ ಬಂದ ಅಂದಾಜೊಂದರ ಪ್ರಕಾರ ಜಗತ್ತಿನ 170 ಕೋಟಿ ಮಕ್ಕಳು, ಹದಿಹರೆಯದವರಿಗೆ ಸುರಕ್ಷಿತ ಶಸ್ತ್ರಚಿಕಿತ್ಸೆ ಕೈಗೆಟಕುವಂತಿಲ್ಲ. 2016ರಲ್ಲಿ ರೂಪುಗೊಂಡ ಮಕ್ಕಳ ಶಸ್ತ್ರಚಿಕಿತ್ಸೆಯ ಜಾಗತಿಕ ಒಕ್ಕೂಟ ಯಾವ ಆಪರೇಷನ್ ಯಾವ ಮಟ್ಟದ ಆಸ್ಪತ್ರೆಯಲ್ಲಿ ಆಗಬೇಕೆಂದು ಹಂತ ಹಂತವಾಗಿ ಬರೆದಿಟ್ಟಿದೆ.

ಇವರು ಹೇಳುವುದು ಇಷ್ಟು: ಎರಡು ವರ್ಷ ದಾಟಿದ, ಆರೋಗ್ಯವಾಗಿರುವ ಮಗುವಿನ ಹರ್ನಿಯಾ, ಹೈಡ್ರೋಸೀಲ್, ಅಪೆಂಡಿಕ್ಸ್, ಕೀವುಗುಳ್ಳೆ, ಕೈಮುರಿತ ಇವೆಲ್ಲ ತಾಲ್ಲೂಕಿನ ಸಾಮಾನ್ಯ ಸರ್ಜನ್ನಿನ ಕೆಲಸ. ಹಿಂದೆ ಮಾಡುತ್ತಲೂ ಇದ್ದರು. ಕರಾವಳಿಯ ಹಳೆಯ ಮಿಷನ್ ಆಸ್ಪತ್ರೆಗಳಲ್ಲಿ, ಪೇಟೆಯ ನರ್ಸಿಂಗ್ ಹೋಂಗಳಲ್ಲಿ ಒಬ್ಬರೇ ಸರ್ಜನ್ ಎಲ್ಲ ವಯಸ್ಸಿಗೂ ಕತ್ತರಿ ಹಿಡಿಯುತ್ತಿದ್ದ ಕಾಲವಿತ್ತು. ಈಗ ಐದು ವರ್ಷದ ಮಗು ಎಂದ ಕೂಡಲೇ ಕಾಗದ ಬರೆದುಕೊಡುವುದು ರೂಢಿ. ತಡೆಯುವುದು ಕತ್ತರಿಯಲ್ಲ, ಅರಿವಳಿಕೆ. ಹತ್ತು ಕಿಲೋ ತೂಕದ ಮಗುವಿಗೆ ಔಷಧಿಯ ಪ್ರಮಾಣ, ಕೊಳವೆಯ ಅಳತೆ, ಆಪರೇಷನ್ ಮುಗಿದ ಮೇಲಿನ ನಾಲ್ಕು ಗಂಟೆಯ ನಿಗಾ ಇದಕ್ಕೆ ಪಳಗಿದ ವೈದ್ಯರಿಲ್ಲದೆ ಸರ್ಜನ್ ಒಪ್ಪಿದರೂ ಪ್ರಯೋಜನವಿಲ್ಲ. ಏನಾದರೂ ಆದರೆ ಮರುದಿನ ಆಸ್ಪತ್ರೆಯ ಗಾಜು ಉಳಿಯುವುದಿಲ್ಲ ಎಂಬ ಭಯವೂ ಸುಳ್ಳಲ್ಲ.

ಇದಕ್ಕೆ ಎದುರು ವಾದ ಮಕ್ಕಳ ಸರ್ಜನ್‌ಗಳಿಂದಲೇ ಬರುತ್ತದೆ: ಮಗುವಿನ ಹರ್ನಿಯಾ ದೊಡ್ಡವರ ಹರ್ನಿಯಾದ ಚಿಕ್ಕ ಆವೃತ್ತಿಯಲ್ಲ. ವೀರ್ಯನಾಳ ಅಲ್ಲಿ ದಾರದೆಳೆಯಷ್ಟು ತೆಳು, ಒಮ್ಮೆ ಜಜ್ಜಿಹೋದರೆ ಮೂವತ್ತು ವರ್ಷದ ನಂತರ ಗೊತ್ತಾಗುತ್ತದೆ. ಮಾತು ನಿಜ. ಆದರೆ ಮಕ್ಕಳ ಸರ್ಜರಿಯ ಉನ್ನತ ಪದವಿಯಾದ ಎಂ.ಸಿ.ಎಚ್. ಸೀಟುಗಳು ದೇಶದಲ್ಲಿ ಭರ್ತಿಯಾಗದೆ ಉಳಿಯುತ್ತಿರುವಾಗ ಪ್ರತಿ ಹರ್ನಿಯಾಕ್ಕೂ ತಜ್ಞರೇ ಬೇಕೆಂದರೆ ಅದು ಕಾಯುವ ಸಾಲಿಗೆ ಕೊಟ್ಟ ಒಪ್ಪಿಗೆಯಾಗುತ್ತದೆ. ತಜ್ಞರು ತಿಂಗಳಿಗೊಮ್ಮೆ ತಾಲ್ಲೂಕಿಗೆ ಬಂದು ಒಂದೇ ದಿನ ಹತ್ತು ಮಕ್ಕಳಿಗೆ ಮಾಡಿ ಹೋಗುವುದು ನಡುವಿನ ದಾರಿ. ಅದು ಸಾಮಾನ್ಯವಾಗಿ ಒಬ್ಬ ಉತ್ಸಾಹಿ ವೈದ್ಯರ ಮೇಲೆ ನಿಂತಿರುತ್ತದೆ, ಅವರ ವರ್ಗಾವಣೆಯೊಂದಿಗೆ ಮುಗಿಯುತ್ತದೆ.

ದಾರಿಯ ವಾದ

ಎಲ್ಲಿ, ಯಾರು ಎಂಬ ಜಗಳದಲ್ಲಿ ಮೂರನೆಯ ಪಂಥದವರು ಪಾಲ್ಗೊಳ್ಳುವುದಿಲ್ಲ. ಮಗು ಟೇಬಲ್ ಮುಟ್ಟುವ ಮೊದಲೇ ಫಲಿತಾಂಶ ಬಹುಪಾಲು ನಿರ್ಧಾರವಾಗಿರುತ್ತದೆ ಎನ್ನುವುದು ಅವರ ಮಾತು. ಈ ಸಮೀಕ್ಷೆಯಲ್ಲಿ ನನಗೆ ಹೆಚ್ಚು ಮನವರಿಕೆಯಾದದ್ದೂ ಇವರದೇ.

ಭಾರತದ ಸಾವಿನ ಕಾರಣಗಳ ರಾಷ್ಟ್ರಮಟ್ಟದ ಸಮೀಕ್ಷೆಯನ್ನು ಬಳಸಿಕೊಂಡು 2015ರಲ್ಲಿ ಒಂದು ಅಧ್ಯಯನ ಬಂತು. ಹೊಟ್ಟೆಯೊಳಗಿನ ತುರ್ತು ಕಾಯಿಲೆಗಳಿಂದಾದ ಸಾವುಗಳನ್ನು ಅಂಚೆ ಪಿನ್‌ಕೋಡ್ ಪ್ರಕಾರ ನಕ್ಷೆಯ ಮೇಲೆ ಇಟ್ಟರು. ರಾತ್ರಿಹಗಲು ಸರ್ಜನ್, ಅರಿವಳಿಕೆ, ರಕ್ತನಿಧಿ ಇರುವ ಜಿಲ್ಲಾ ಆಸ್ಪತ್ರೆಯಿಂದ 50 ಕಿಲೋಮೀಟರಿಗಿಂತ ದೂರವಿದ್ದ ಪ್ರದೇಶ ಹೆಚ್ಚು ಸಾವಿನ ಗುಂಪಿಗೆ ಬೀಳುವ ಸಂಭವ ನಾಲ್ಕು ಪಟ್ಟಿಗೂ ಮಿಕ್ಕಿ ಇತ್ತು. 100 ಕಿಲೋಮೀಟರ್ ದಾಟಿದರೆ ಹದಿನಾರು ಪಟ್ಟು. ಇದರಲ್ಲಿ ದೊಡ್ಡವರೂ ಇದ್ದಾರೆ. ಮಕ್ಕಳನ್ನಷ್ಟೇ ಹಿಡಿದು ಹೇಳಿದ ಮಾತಲ್ಲ. ಆದರೂ ಕುಮಟಾದಲ್ಲಿ ಕುಳಿತು ಓದುವವರಿಗೆ ಆ ಕಿಲೋಮೀಟರ್‌ಗಳು ಪರಿಚಿತ. ಆಯೋಗದ ಎರಡು ಗಂಟೆಯ ಗೆರೆ ಮಣಿಪಾಲದಿಂದ ಅಳೆದರೆ ಹೆಚ್ಚುಕಡಿಮೆ ಭಟ್ಕಳಕ್ಕೆ ಮುಗಿಯುತ್ತದೆ. ಹೊನ್ನಾವರ ಅದರ ಹೊರಗೆ.

2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಅಂಬುಲೆನ್ಸ್ ಬೈಂದೂರು ಬಳಿಯ ಶಿರೂರು ಟೋಲ್‌ಗೇಟಿನಲ್ಲಿ ಮಳೆಯಲ್ಲಿ ಜಾರಿ ಅಪ್ಪಳಿಸಿ ನಾಲ್ವರು ತೀರಿಕೊಂಡರು. ಆ ವಿಡಿಯೊ ನೋಡದವರು ಜಿಲ್ಲೆಯಲ್ಲಿ ಇರಲಾರರು. ಸುಸಜ್ಜಿತ ಆಸ್ಪತ್ರೆ ಬೇಕೆಂಬ ಕೂಗು ಆಗ ಎದ್ದದ್ದು ಚುನಾವಣೆಯವರೆಗೂ ಹೋಯಿತು. ಎರಡು ವರ್ಷದ ನಂತರ, 2024ರ ಜುಲೈ 16ರಂದು, ಅಂಕೋಲಾದ ಇನ್ನೊಂದು ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ 66 ಮುಚ್ಚಿತು. ಆಗಸ್ಟ್ 7ರಂದು ಕಾರವಾರದ ಹಳೆಯ ಕಾಳಿ ಸೇತುವೆ ಕುಸಿಯಿತು. ದೊಡ್ಡ ಕಡೆಗೇ ಕಳಿಸಿ ಎನ್ನುವ ವಾದ ರಸ್ತೆ ಇದೆ ಎಂದು ನಂಬಿಕೊಂಡಿರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಆ ನಂಬಿಕೆಗೆ ಆಧಾರ ಕಡಿಮೆ.

ಹತ್ತಿರದಿಂದ ನೋಡೋಣ. ಹುಟ್ಟಿದ ಕೂಸಿನ ಬಾಯಲ್ಲಿ ನೊರೆ ನಿಲ್ಲುತ್ತಿಲ್ಲ. ಒರೆಸಿದಷ್ಟೂ ಬರುತ್ತದೆ. ಹಾಲು ಹಾಕಿದರೆ ನೀಲಿಗಟ್ಟುತ್ತದೆ. ಹತ್ತನೇ ನಂಬರಿನ ತುಸು ಗಟ್ಟಿ ನಳಿಕೆಯನ್ನು ಬಾಯಿಂದ ಒಳಗೆ ಬಿಟ್ಟರೆ ಹತ್ತು ಸೆಂಟಿಮೀಟರ್ ಹೋಗಿ ನಿಲ್ಲುತ್ತದೆ. ಅನ್ನನಾಳ ಮುಚ್ಚಿದೆ ಎನ್ನುವುದಕ್ಕೆ ಅಷ್ಟು ಸಾಕು. ಮೆತ್ತಗಿನ ಹಾಲಿನ ನಳಿಕೆ ಬಿಟ್ಟರೆ ಅದು ಒಳಗೇ ಸುರುಳಿ ಸುತ್ತಿಕೊಂಡು ಹೋಯಿತೆಂಬ ಭ್ರಮೆ ಕೊಡುತ್ತದೆ. ಈ ಪರೀಕ್ಷೆಗೆ ತಜ್ಞರು ಬೇಡ, ಹೆರಿಗೆ ಕೋಣೆಯ ನರ್ಸ್ ಮಾಡಬಹುದು. ಹಾಲು ಹಾಕುವ ಮೊದಲು ಗೊತ್ತಾದರೆ ಪುಪ್ಪುಸ ಒಣಗಿರುವ ಕೂಸು ಮಣಿಪಾಲ ಮುಟ್ಟುತ್ತದೆ. ಎರಡು ಸಲ ಹಾಲು ಕುಡಿಸಿದ ಮೇಲೆ ಗೊತ್ತಾದರೆ ನ್ಯುಮೋನಿಯಾ ಹೊತ್ತ ಕೂಸು ಮುಟ್ಟುತ್ತದೆ. ಮುಂದಿನ ಆಪರೇಷನ್ ಒಂದೇ. ಫಲಿತಾಂಶ ಬೇರೆ.

ದಾರಿಯಲ್ಲಿ ಏನು ಮಾಡಬೇಕೆನ್ನುವುದೂ ದೊಡ್ಡ ವಿದ್ಯೆಯಲ್ಲ. ತಲೆಯ ಕಡೆ ಎತ್ತರಿಸಿ ಮಲಗಿಸಬೇಕು, ಬಾಯಿಯ ನೀರನ್ನು ಐದೈದು ನಿಮಿಷಕ್ಕೆ ಹೀರಿ ತೆಗೆಯುತ್ತಿರಬೇಕು, ಮೈ ತಣ್ಣಗಾಗಬಾರದು, ಸಕ್ಕರೆಯ ಡ್ರಿಪ್ ನಿಲ್ಲಬಾರದು. ಹೊಟ್ಟೆಯ ಗೋಡೆ ಸೀಳಿ ಕರುಳು ಹೊರಬಂದ ಕೂಸಿಗೆ ಒದ್ದೆ ಬಟ್ಟೆ ಸುತ್ತುವುದು ನಮ್ಮಲ್ಲಿನ ರೂಢಿ. ಒದ್ದೆ ಬಟ್ಟೆ ಕೂಸನ್ನು ತಣ್ಣಗಾಗಿಸುತ್ತದೆ. ಶುದ್ಧವಾದ ಪ್ಲಾಸ್ಟಿಕ್ ಚೀಲದೊಳಗೆ ಎದೆಯವರೆಗೆ ಕೂಸನ್ನು ಇಡುವುದೇ ವಾಸಿ. 108 ಸೇವೆ ಕರ್ನಾಟಕಕ್ಕೆ ಬಂದದ್ದು 2008ರಲ್ಲಿ. ಹೆರಿಗೆಗೆ, ಅಪಘಾತಕ್ಕೆ ಅದು ಆಸರೆಯಾಗಿದೆ. ಆದರೆ ಎರಡೂವರೆ ಕಿಲೋದ ಕೂಸಿನ ಬಾಯಿಗೆ ಕಣ್ಣಿಟ್ಟು ಮೂರು ಗಂಟೆ ಕೂರುವವರು ಬೇಕಲ್ಲ, ಅವರು ಯಾರು ಎಂಬುದೇ ಪ್ರಶ್ನೆ.

ಹಸಿರು ವಾಂತಿಯದೂ ಇದೇ ಕತೆ. ಹಾಲು ಕಕ್ಕಿದರೆ ಬಜೆ ತೇಯ್ದು ನೆಕ್ಕಿಸುವುದು ಮನೆಮನೆಯ ಪದ್ಧತಿ. ಆದರೆ ಕಕ್ಕಿದ್ದು ಹಸಿರಾಗಿದ್ದರೆ ಅದು ಕರುಳು ತಿರುಚಿಕೊಂಡ ಸೂಚನೆ ಇರಬಹುದು, ಕೆಲವೇ ಗಂಟೆಗಳಲ್ಲಿ ಇಡೀ ಕರುಳು ಸಾಯಬಹುದು. ಆಮೇಲೆ ಯಾವ ದೊಡ್ಡ ಆಸ್ಪತ್ರೆಯೂ ಹೆಚ್ಚೇನೂ ಮಾಡಲಾರದು. ಅದೇ ರೀತಿ ಎರಡು ವಾರ ಕಳೆದರೂ ಕಾಮಾಲೆ ಇಳಿಯದೆ ಮಲ ಬೆಳ್ಳಗಾದರೆ ಪಿತ್ತನಾಳ ಇಲ್ಲದಿರಬಹುದು. ಕಸಾಯಿ ಆಪರೇಷನ್ ಅರವತ್ತು ದಿನದೊಳಗಾದರೆ ಗೆಲ್ಲುವ ಸಾಧ್ಯತೆ ಹೆಚ್ಚು. ನಾಟಿ ಮದ್ದು, ಬರೆ ಎಂದು ಆ ದಿನಗಳು ಕಳೆದುಹೋಗುತ್ತವೆ. ತೈವಾನ್ 2004ರಲ್ಲಿ ದೇಶದ ಎಲ್ಲ ತಾಯಂದಿರಿಗೂ ಮಲದ ಬಣ್ಣದ ಒಂದು ಚೀಟಿ ಕೊಟ್ಟಿತು. ಚಿತ್ರಕ್ಕೆ ಹೋಲಿಸಿ ಫೋನ್ ಮಾಡಿದರಾಯಿತು. ಬೇಗ ಆಪರೇಷನ್ ಆಗುವ ಕೂಸುಗಳ ಪಾಲು ಅಲ್ಲಿ ಏರಿತು. ನಮ್ಮ ಆಶಾ ಕಾರ್ಯಕರ್ತೆ ಆಸ್ಪತ್ರೆಯಲ್ಲಿ ಹೆರಿಗೆಯಾದ ಬಾಣಂತಿಯ ಮನೆಗೆ 3, 7, 14, 21, 28, 42ನೇ ದಿನ ಹೋಗಲೇಬೇಕು. ಆ ಚೀಟಿ ಅವಳ ಚೀಲದಲ್ಲಿ ಹಿಡಿಸುತ್ತದೆ.

ವಿಚಿತ್ರವೆಂದರೆ 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಮೊದಲ ಪಟ್ಟಿಯಲ್ಲಿ ಒಂಬತ್ತು ಹುಟ್ಟುದೋಷಗಳಿದ್ದವು. ಸೀಳುತುಟಿ, ಸೊಟ್ಟಪಾದ, ಹೃದಯದ ರಂಧ್ರ, ಹುಟ್ಟು ಕಿವುಡು ಎಲ್ಲ ಇದ್ದವು. ಅನ್ನನಾಳ, ಕರುಳು, ಮಲದ್ವಾರ ಇರಲಿಲ್ಲ. ತಂಡ ಅಂಗನವಾಡಿಗೆ ಬಂದು ಪರೀಕ್ಷಿಸುವವರೆಗೆ ಮಗು ಬದುಕಿರುವಂಥ ಕಾಯಿಲೆಗಳೇ ಆ ಪಟ್ಟಿಯಲ್ಲಿ ಹೆಚ್ಚು.

ಯಾವಾಗ? ಮಾಡಲೇಬೇಕೆ?

ನಾಲ್ಕನೆಯ ಪಂಥ ಪ್ರಯೋಗಗಳದ್ದು. ಮಕ್ಕಳ ಸರ್ಜರಿಯಲ್ಲಿ ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ಹೋಲಿಸುವ ಪ್ರಯೋಗಗಳು ತೀರ ಕಡಿಮೆ. ಕಾಯಿಲೆ ಅಪರೂಪ, ಅಪ್ಪ ಅಮ್ಮ ಒಪ್ಪುವುದು ಕಷ್ಟ, ಸರ್ಜನ್‌ಗೆ ತನ್ನ ಪದ್ಧತಿಯ ಮೇಲೆ ಅಪಾರ ನಂಬಿಕೆ. ಆದರೂ ಈಚಿನ ಹತ್ತು ವರ್ಷಗಳಲ್ಲಿ ಕೆಲವು ಗಟ್ಟಿ ಪ್ರಯೋಗಗಳು ಬಂದಿವೆ.

ಅರಿವಳಿಕೆಯಿಂದ ಮಗುವಿನ ಮಿದುಳಿಗೆ ಪೆಟ್ಟಾಗುತ್ತದೆಯೇ ಎಂಬ ಭಯ ಪ್ರಾಣಿಗಳ ಮೇಲಿನ ಪ್ರಯೋಗಗಳಿಂದ ಹುಟ್ಟಿತ್ತು. 2016ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಮೂರು ವರ್ಷದೊಳಗಿನ ಮಕ್ಕಳ ಬಗ್ಗೆ ಎಚ್ಚರಿಕೆಯನ್ನೂ ಕೊಟ್ಟಿತು. ಏಳು ದೇಶಗಳಲ್ಲಿ ಹರ್ನಿಯಾದ 722 ಕೂಸುಗಳ ಮೇಲೆ ನಡೆದ ಪ್ರಯೋಗದ ಅಂತಿಮ ಫಲಿತಾಂಶ 2019ರಲ್ಲಿ ಬಂತು: ಒಂದು ಗಂಟೆಗಿಂತ ಕಡಿಮೆ ಹೊತ್ತಿನ ಒಂದು ಸಲದ ಅರಿವಳಿಕೆ ಪಡೆದ ಮಕ್ಕಳಿಗೂ ಸೊಂಟದ ಇಂಜೆಕ್ಷನ್ನಿನಲ್ಲಿ ಎಚ್ಚರವಾಗಿದ್ದವರಿಗೂ ಐದನೇ ವರ್ಷದ ಬುದ್ಧಿಮಟ್ಟದಲ್ಲಿ ವ್ಯತ್ಯಾಸವಿಲ್ಲ. ತಾಲ್ಲೂಕಿನಲ್ಲೇ ಹರ್ನಿಯಾ ಮಾಡಬಹುದೆನ್ನುವವರಿಗೆ ಇದು ಆಸರೆ.

ಅವಧಿಗೆ ಮುನ್ನ ಹುಟ್ಟಿದ ಕೂಸಿನ ಹರ್ನಿಯಾವನ್ನು ಆಸ್ಪತ್ರೆಯಿಂದ ಬಿಡುವ ಮೊದಲೇ ಮಾಡಿಬಿಡಬೇಕೆ, ಬೆಳೆಯಲು ಬಿಡಬೇಕೆ? 2024ರ ಅಮೆರಿಕದ ಪ್ರಯೋಗದಲ್ಲಿ ಬೇಗ ಮಾಡಿದವರಲ್ಲಿ ನೂರಕ್ಕೆ 28 ಕೂಸುಗಳಿಗೆ ಗಂಭೀರ ತೊಂದರೆಯಾಯಿತು, ಕಾದವರಲ್ಲಿ 18ಕ್ಕೆ. ಹಾಗಾಗಿ ಕಾಯುವುದು ಮೇಲು. ಆದರೆ ಕಾಯುವುದೆಂದರೆ ಹರ್ನಿಯಾ ಸಿಕ್ಕಿಕೊಂಡಾಗ ತಕ್ಷಣ ಓಡಬಲ್ಲ ದೂರದಲ್ಲಿ ಇರುವುದು. ಆಸ್ಪತ್ರೆಯಿಂದ ದೂರದ, ಗೇರುಸೊಪ್ಪದ ಮೇಲಿನ ಮನೆಗೆ ಆ ಪ್ರಯೋಗದ ಫಲಿತಾಂಶ ಹಾಗೆಯೇ ಅನ್ವಯಿಸುತ್ತದೆಯೇ?

ಅಪೆಂಡಿಕ್ಸ್ ಇನ್ನೂ ಕುತೂಹಲದ್ದು. 2025ರ ಜನವರಿಯಲ್ಲಿ ಪ್ರಕಟವಾದ 936 ಮಕ್ಕಳ ಪ್ರಯೋಗದಲ್ಲಿ ಬರೀ ಆಂಟಿಬಯೋಟಿಕ್ ಪಡೆದವರಲ್ಲಿ ಮೂವರಲ್ಲಿ ಒಬ್ಬರಿಗೆ ಒಂದು ವರ್ಷದೊಳಗೆ ಚಿಕಿತ್ಸೆ ಸೋತಿತು. ಆಪರೇಷನ್ ಆದವರಲ್ಲಿ ಸೋತದ್ದು ನೂರಕ್ಕೆ 7. ಒಂದು ಪಂಗಡ ಇದನ್ನು ಆಪರೇಷನ್ನೇ ಸರಿ ಎಂದು ಓದುತ್ತದೆ, ಇನ್ನೊಂದು ಮೂರರಲ್ಲಿ ಎರಡು ಮಕ್ಕಳು ಕತ್ತರಿ ತಪ್ಪಿಸಿಕೊಂಡರು ಎನ್ನುತ್ತದೆ. ನಮ್ಮಲ್ಲಿ ಸರ್ಜನ್ ಸಿಗದ ರಾತ್ರಿ ಆಂಟಿಬಯೋಟಿಕ್ ಹಾಕಿ ಬೆಳಗಾಗುವುದನ್ನು ಕಾಯುವುದು ಯಾವ ಪ್ರಯೋಗವೂ ಇಲ್ಲದೆ ನಡೆದುಕೊಂಡೇ ಬಂದಿದೆ.

ಭಾರತದಿಂದಲೇ ಬಂದ ಒಳ್ಳೆಯ ಉದಾಹರಣೆ ಕರುಳು ಕರುಳಿನೊಳಗೆ ತೂರಿಕೊಳ್ಳುವ ಕಾಯಿಲೆಯದು. 1999ರಲ್ಲಿ ಅಮೆರಿಕದ ಒಂದು ರೋಟಾವೈರಸ್ ಲಸಿಕೆಯನ್ನು ಇದೇ ಕಾರಣಕ್ಕೆ ಹಿಂತೆಗೆದುಕೊಂಡಿದ್ದರು. ನಮ್ಮಲ್ಲಿ ಸ್ವದೇಶಿ ಲಸಿಕೆ 2016ರಿಂದ ಹಂತಹಂತವಾಗಿ ಬಂದಾಗ ಹಲವು ರಾಜ್ಯಗಳ ಆಸ್ಪತ್ರೆಗಳು ಸೇರಿ ಇಂಥ ಪ್ರತಿ ಮಗುವನ್ನೂ ದಾಖಲಿಸಿದವು. ಲಸಿಕೆಯಿಂದ ಅಪಾಯ ಹೆಚ್ಚಿಲ್ಲ ಎಂದು 2020ರಲ್ಲಿ ವರದಿಯಾಯಿತು. ಮನಸ್ಸು ಮಾಡಿದರೆ ಇಲ್ಲೂ ಎಣಿಸಬಹುದು.

ಮನೆಗೆ ಬಂದ ಮೇಲೆ

ಮಲದ್ವಾರವಿಲ್ಲದ ಕೂಸಿಗೆ ಸಾಂಪ್ರದಾಯಿಕವಾಗಿ ಮೂರು ಆಪರೇಷನ್: ಮೊದಲು ಹೊಟ್ಟೆಯ ಮೇಲೆ ಕರುಳಿನ ಬಾಯಿ, ಕೆಲವು ತಿಂಗಳ ನಂತರ ಮಲದ್ವಾರ, ಆಮೇಲೆ ಹೊಟ್ಟೆಯ ಬಾಯಿ ಮುಚ್ಚುವುದು. ಒಂದೇ ಹಂತದಲ್ಲಿ ಮುಗಿಸಬೇಕೆನ್ನುವವರೂ ಇದ್ದಾರೆ. ಅವರಿಗೆ ಹಂತ ಹೆಚ್ಚಿದಷ್ಟೂ ಖರ್ಚು, ತಿರುಗಾಟ, ನಡುವೆ ಕೈಬಿಡುವವರು. ಮೂರೇ ಸರಿ ಎನ್ನುವವರ ಭಯ ಬೇರೆ: ಒಂದೇ ಹಂತದ ಆಪರೇಷನ್ನಿನಲ್ಲಿ ಸ್ನಾಯು ಕೆಟ್ಟರೆ ಜೀವಮಾನವಿಡೀ ಹಿಡಿತ ತಪ್ಪಿದ ಮಗು.

ಮನೆಯಲ್ಲಿ ಇದು ಹೇಗಿರುತ್ತದೆ? ಕರುಳಿನ ಬಾಯಿಗೆ ಅಂಟಿಸುವ ಚೀಲ ಕರಾವಳಿಯ ಸೆಕೆಗೆ, ಬೆವರಿಗೆ ನಿಲ್ಲುವುದಿಲ್ಲ. ಹಳೆಯ ಪಂಚೆ ಹರಿದು ಮಡಚಿ ಕಟ್ಟುತ್ತಾರೆ. ಸುತ್ತಲಿನ ಚರ್ಮ ಬೆಂದಂತೆ ಕೆಂಪಾಗುತ್ತದೆ. ತೆಂಗಿನೆಣ್ಣೆಯೋ ಸತುವಿನ ಮುಲಾಮೋ ಹಚ್ಚಬೇಕು. ಎರಡನೇ ಆಪರೇಷನ್ ಆದ ಮೇಲೆ ಹೊಸ ದ್ವಾರ ಕಿರಿದಾಗದಂತೆ ತಾಯಿ ದಿನಕ್ಕೆರಡು ಸಲ ಲೋಹದ ಕಡ್ಡಿಯಿಂದ ಅಗಲಿಸಬೇಕು, ಮಗು ಕಿರುಚುತ್ತಿರುವಾಗ, ತಿಂಗಳುಗಟ್ಟಲೆ. ಅತ್ತೆ, ನೆರೆಮನೆಯವರು ಕೇಳುತ್ತಿರುತ್ತಾರೆ. ಅದನ್ನು ಅವಳು ನಿಲ್ಲಿಸಿದರೆ ಒಳ್ಳೆಯ ಆಪರೇಷನ್ನೂ ಕೆಡುತ್ತದೆ. ಆದರೆ ಬಹುಪಾಲು ಆಸ್ಪತ್ರೆಗಳ ವರದಿಯಲ್ಲಿ ಮಗು ಬಿಡುಗಡೆಯಾದ ದಿನವೇ ‘ಫಲಿತಾಂಶ ಉತ್ತಮ’ ಎಂದು ಬಿದ್ದಿರುತ್ತದೆ. ಈ ಮಗು ಶಾಲೆಗೆ ಹೋಯಿತೇ, ಬೆಂಚಿನಲ್ಲಿ ಪಕ್ಕದವರು ಕೂತರೇ ಎಂಬುದೇ ಫಲಿತಾಂಶ ಎನ್ನುವ ಐದನೆಯ ಪಂಥ ಚಿಕ್ಕದು, ಆದರೆ ಬೆಳೆಯುತ್ತಿದೆ.

ಖರ್ಚಿನ ಒಂದು ಮಾತು. 2018ರಿಂದ ಇರುವ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದವರೆಗೆ ಚಿಕಿತ್ಸೆ ಉಚಿತ. ಆದರೆ ತಾಯಿ ಸಿಸೇರಿಯನ್ ಆಗಿ ಕುಮಟಾದ ಹಾಸಿಗೆಯಲ್ಲಿರುವಾಗ ಕೂಸಿನ ಜೊತೆ ಮಣಿಪಾಲಕ್ಕೆ ಹೋದ ಅಪ್ಪ, ಚಿಕ್ಕಪ್ಪನ ಊಟ, ಲಾಡ್ಜು, ತಪ್ಪಿದ ದೋಣಿಯ ಪಾಲು ಇವು ಯಾವ ಕಾರ್ಡಿನಲ್ಲೂ ಇಲ್ಲ. ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕುವುದೂ ಅವರೇ. ತಾಯಿಗೆ ಫೋನಿನಲ್ಲಿ ತಿಳಿಸುತ್ತಾರೆ.

ಲೆಕ್ಕಕ್ಕೆ ಸಿಗದವರು

ಈ ಎಲ್ಲ ಪಂಥಗಳಿಗೂ ಒಂದು ಸಾಮಾನ್ಯ ಕೊರತೆ ಇದೆ. ಮಕ್ಕಳ ಸರ್ಜರಿಯ ಸಂಶೋಧನೆ ಆಸ್ಪತ್ರೆಯ ಬಾಗಿಲಿನಿಂದ ಶುರುವಾಗುತ್ತದೆ. ಬಾಗಿಲು ಮುಟ್ಟದೆ ಹೋದ ಕೂಸು ಯಾವ ಆಸ್ಪತ್ರೆಯ ಸಾವೂ ಅಲ್ಲ. ದೂರದಿಂದ ಬಂದ ಮಕ್ಕಳ ಫಲಿತಾಂಶ ಹತ್ತಿರದವರಷ್ಟೇ ಚೆನ್ನಾಗಿದೆ ಎಂದು ಒಂದು ವರದಿ ಹೇಳಿದರೆ ಅದಕ್ಕೆ ಎರಡು ಅರ್ಥ ಸಾಧ್ಯ: ದೂರ ಲೆಕ್ಕಕ್ಕಿಲ್ಲ ಎಂದಿರಬಹುದು, ಅಥವಾ ದೂರದ ದುರ್ಬಲ ಕೂಸುಗಳು ದಾರಿಯಲ್ಲೇ ಹೋದವು ಎಂದಿರಬಹುದು. ಆಸ್ಪತ್ರೆಯ ರಿಜಿಸ್ಟರ್ ಎರಡನ್ನೂ ಬಿಡಿಸಿ ತೋರಿಸಲಾರದು. ಒಳ್ಳೆಯ ಅಂಕಿಯೇ ಕೆಟ್ಟ ಸುದ್ದಿಯಾಗಿರುವ ಅಪರೂಪದ ಕ್ಷೇತ್ರ ಇದು.

ಸೇರಿಸಬೇಕಾದ ಇನ್ನೊಂದು ಗೋಜಲು ಗಂಡು–ಹೆಣ್ಣಿನದು. ಹರ್ನಿಯಾ ಗಂಡುಮಕ್ಕಳಲ್ಲೇ ಹೆಚ್ಚು, ಹರ್ಷ್‌ಸ್ಪ್ರಂಗ್ ಕೂಡ ಹಾಗೆಯೇ. ಆದರೆ ಅನ್ನನಾಳದ ದೋಷದಲ್ಲಿ ಅಂಥ ದೊಡ್ಡ ವ್ಯತ್ಯಾಸ ಸಹಜವಾಗಿ ಇರಬಾರದು. ಒಂದು ಆಸ್ಪತ್ರೆಯ ಪಟ್ಟಿಯಲ್ಲಿ ಅಲ್ಲೂ ಗಂಡುಗಳೇ ತುಂಬಿದ್ದರೆ ಕಾರಣವನ್ನು ಭ್ರೂಣಶಾಸ್ತ್ರದಲ್ಲಿ ಹುಡುಕಬೇಕಾಗಿಲ್ಲ.

ಬಗೆಹರಿಯದೆ ಉಳಿದವು

ಮೊದಲನೆಯದು, ಐದು ತಿಂಗಳ ಸ್ಕ್ಯಾನಿನದು. ಹೊಟ್ಟೆಯ ಗೋಡೆಯ ದೋಷ, ವಪೆಯ ರಂಧ್ರ ಅದರಲ್ಲಿ ಕಾಣುತ್ತವೆ. ಅಂಥ ಬಸುರಿಯನ್ನು ಹೆರಿಗೆಗೇ ಮಣಿಪಾಲಕ್ಕೆ ಕಳಿಸಿದರೆ ಅಂಬುಲೆನ್ಸಿನ ಪ್ರಶ್ನೆಯೇ ಇಲ್ಲ. ಅನ್ನನಾಳ, ಮಲದ್ವಾರದ ದೋಷ ಬಹುಪಾಲು ಕಾಣುವುದಿಲ್ಲ. ಹಾಗಿರುವಾಗ ಸ್ಕ್ಯಾನಿಗೆ ಹಣ ಹಾಕುವುದೋ, ಹೆರಿಗೆ ಕೋಣೆಯ ಆ ಗಟ್ಟಿ ನಳಿಕೆಗೋ?

ಎರಡನೆಯದು, ಕುಮಟಾದಲ್ಲೋ ಕಾರವಾರದಲ್ಲೋ ದೊಡ್ಡ ಆಸ್ಪತ್ರೆ ನಿಂತರೆ ಅದರಲ್ಲಿ ಮಕ್ಕಳ ಸರ್ಜರಿ ವಿಭಾಗ ಬೇಕೆ, ಅಥವಾ ನವಜಾತ ಶಿಶುವನ್ನು ಎರಡು ದಿನ ಸ್ಥಿರವಾಗಿ ಇಟ್ಟುಕೊಳ್ಳಬಲ್ಲ ಘಟಕ ಮತ್ತು ಮಕ್ಕಳ ಅರಿವಳಿಕೆಯ ಇಬ್ಬರು ವೈದ್ಯರು ಸಾಕೆ? ಕರುಳಿನ ಬಾಯಿ ತೆರೆಯುವಂಥ ಮೊದಲ ಹಂತವನ್ನು ಜಿಲ್ಲೆಯಲ್ಲೇ ಮಾಡಿ ಉಳಿದದ್ದಕ್ಕೆ ಕಳಿಸಬಹುದೆ ಎಂಬುದರ ಮೇಲೆ ಮಕ್ಕಳ ಸರ್ಜನ್‌ಗಳಲ್ಲೇ ಒಮ್ಮತವಿಲ್ಲ. ತಪ್ಪು ಜಾಗದಲ್ಲಿ ತೆರೆದ ಬಾಯಿ ಮುಂದಿನ ಆಪರೇಷನ್ನನ್ನೇ ಕಟ್ಟಿಹಾಕುತ್ತದೆ.

ಮೂರನೆಯದು, ಶ್ರೀಮಂತ ದೇಶಗಳ ಪ್ರಯೋಗಗಳು ಹೇಳುವ ‘ಕಾಯಿರಿ’ ಎಂಬ ಸಲಹೆಗೆ ದೂರದ ತಿದ್ದುಪಡಿ ಎಷ್ಟು? ಆಸ್ಪತ್ರೆಯಿಂದ ಎಷ್ಟು ಗಂಟೆಯ ಆಚೆ ಇದ್ದರೆ ಬೇಗ ಮಾಡುವುದೇ ಸುರಕ್ಷಿತವಾಗುತ್ತದೆ ಎಂದು ಹೇಳುವ ಪ್ರಯೋಗಕ್ಕೆ ಈ ಕರಾವಳಿಗಿಂತ ತಕ್ಕ ಜಾಗ ಸಿಗಲಾರದು.

ಕೊನೆಯದು ಎಣಿಕೆಯದು. ಮೂರು ತಾಲ್ಲೂಕಿನ ಜನನ ನೋಂದಣಿ, ಆಶಾ ಕಾರ್ಯಕರ್ತೆಯ ಭೇಟಿ ಪುಸ್ತಕ, 108ರ ಪ್ರಯಾಣದ ದಾಖಲೆ, ಮಣಿಪಾಲ–ಮಂಗಳೂರು–ಹುಬ್ಬಳ್ಳಿ–ಬಾಂಬೋಲಿಮ್‌ಗಳ ಭರ್ತಿ ಪಟ್ಟಿ, ಎಲ್ಲವೂ ಇವೆ. ಅವು ಬೇರೆ ಬೇರೆ ಆಡಳಿತಗಳ ಬೇರೆ ಬೇರೆ ಕಪಾಟಿನಲ್ಲಿವೆ, ಅದರಲ್ಲೊಂದು ಇನ್ನೊಂದು ರಾಜ್ಯದ್ದು. ಮೂರು ವರ್ಷ ಅವನ್ನು ಒಂದರ ಪಕ್ಕ ಒಂದಿಟ್ಟು ನೋಡಿದರೆ ವರ್ಷಕ್ಕೆ ಎರಡು ಹುಟ್ಟಬೇಕಾದ ಆ ಕೂಸುಗಳಲ್ಲಿ ಎಷ್ಟು ಟೇಬಲ್ ಮುಟ್ಟಿದವು ಎಂದು ತಿಳಿಯುತ್ತದೆ. ಈ ಕೆಲಸ ಆರೋಗ್ಯ ಇಲಾಖೆಯದೋ, ವೈದ್ಯಕೀಯ ಕಾಲೇಜುಗಳದೋ ಎಂಬುದೂ ಇನ್ನೂ ತೀರ್ಮಾನವಾಗಬೇಕಾದ ವಿಷಯಗಳಲ್ಲಿ ಒಂದು.